ದವಡೆ ಹಲ್ಲಿನ ಬ್ರಾಕೆಟ್

"ಟ್ರೇ ಸರಿಯಿರಲಿಲ್ಲ ಸರ್. ಲ್ಯಾಬ್‌ನಲ್ಲೇ ತಪ್ಪಾಗಿದೆ."

ಅವನು ದೊಡ್ಡ ಡಾಕ್ಟರಿಗೆ ಹೇಳಿದ್ದು ಗಾಜಿನ ಬಾಗಿಲಾಚೆ ನಿಂತಿದ್ದ ಅವಳ ಕಿವಿಗೆ ಬಿತ್ತು.

ಅವಳು ಆ ಕ್ಲಿನಿಕ್ಕಿನ ಲ್ಯಾಬ್ ಟೆಕ್ನಿಷಿಯನ್, ಅವನು ಹಲ್ಲಿಗೆ ಕ್ಲಿಪ್ ಹಾಕುವ ಡಾಕ್ಟರು. ಯಾವ ಹಲ್ಲಿನ ಮೇಲೆ ತಂತಿ ಹಿಡಿಯುವ ಪುಟ್ಟ ಬ್ರಾಕೆಟ್ ಎಲ್ಲಿ ಕೂರಬೇಕೆಂದು ಅವಳು ಕಂಪ್ಯೂಟರಿನಲ್ಲಿ ಗುರುತಿಸಿ, ಅವನ್ನೆಲ್ಲ ಹಿಡಿದಿಡುವ ಹಲ್ಲಚ್ಚಿನಂಥ ಟ್ರೇ ಪ್ರಿಂಟ್ ಮಾಡಿಕೊಡುವಳು. ಅವನು ಅದನ್ನು ರೋಗಿಯ ಬಾಯೊಳಗಿಟ್ಟು ಒತ್ತಿದರೆ ಎಲ್ಲ ಬ್ರಾಕೆಟ್‌ಗಳೂ ಒಟ್ಟಿಗೆ ಅಂಟಿಕೊಳ್ಳುವವು.

ಒಂದು ವರ್ಷದಿಂದ ಇಬ್ಬರ ನಡುವೆ ಓಡಾಡಿದ್ದು ಆ ಟ್ರೇಗಳೇ. ತೆಗೆದುಕೊಳ್ಳುವಾಗ ಅವನ ಬೆರಳು ಬೇಕೆಂದೇ ತಡವಾಗಿ ಸರಿಯುತ್ತಿತ್ತು.

"ಕೂದಲೆಳೆಯಷ್ಟೂ ಆಚೀಚೆ ಆಗಲ್ಲ ಅಲ್ವಾ ಮೇಡಂ?" ಮಾಸ್ಕಿನ ಮೇಲಿಂದ ಕಣ್ಣಲ್ಲೇ ನಗುತ್ತಿದ್ದ.

"ನನ್ನಿಂದ ಆಗಲ್ಲ. ನಿಮ್ಮ ಕೈ ನಡುಗದಿದ್ರೆ ಸಾಕು." ಹೇಳಿ ಮುಖ ತಿರುಗಿಸಿದರೂ ಅವಳ ಕೆನ್ನೆ ಗುಟ್ಟು ಬಿಟ್ಟುಕೊಡುತ್ತಿತ್ತು.

ಬಾಗಿಲಾಚೆ ಆ ಮಾತು ಕೇಳಿದ ಮಧ್ಯಾಹ್ನ ಅವಳು ತುಟಿ ಕಚ್ಚಿಕೊಂಡು, ಆ ಟ್ರೇಯಿಂದ ಬ್ರಾಕೆಟ್ ಹಾಕಿಸಿಕೊಂಡಿದ್ದ ಕಾಲೇಜು ಹುಡುಗಿಯ ಬಾಯನ್ನು ಮತ್ತೆ ಸ್ಕ್ಯಾನ್ ಮಾಡಿದಳು. ತನ್ನ ಪ್ಲಾನಿನ ಮೇಲೆ ಇಟ್ಟು ನೋಡಿದರೆ ಮುಂದಿನ ಹಲ್ಲುಗಳೆಲ್ಲ ಕರಾರುವಾಕ್ಕು. ಬಲದವಡೆಯ ಕೊನೆಯ ಬ್ರಾಕೆಟ್ ಮಾತ್ರ ಒಂದು ಮಿಲಿಮೀಟರ್ ದೂರ. ಟ್ರೇಯನ್ನು ಅಲ್ಲಿ ಪೂರ್ತಿ ಒತ್ತಿಯೇ ಇರಲಿಲ್ಲ.

ಅವನನ್ನು ಕರೆದು ತೋರಿಸಿದಳು.

"ಗೊತ್ತು," ಅಂದ ಮೆಲ್ಲಗೆ. "ಒತ್ತುವಾಗ್ಲೇ ಗೊತ್ತಾಯ್ತು. ಆದ್ರೆ ದೊಡ್ಡ ಡಾಕ್ಟ್ರು ಈ ತಿಂಗಳು ನನ್ನನ್ನ ಕ್ಲಿನಿಕ್ಕಿಗೆ ಪಾರ್ಟ್‌ನರ್ ಮಾಡ್ತೀನಿ ಅಂದಿದ್ದಾರೆ. ನೀನು ಒಂದು ಮಾತು ಅನ್ನಿಸ್ಕೊಂಡ್ರೆ ಏನು ಹೋಗುತ್ತೆ?"

"ಕೆಲಸ ಹೋಗುತ್ತೆ."

"ಹೋದ್ರೆ ಹೋಗ್ಲಿ ಬಿಡು. ನಾನು ನಿನ್ನ ಮದುವೆ ಆಗ್ತೀನಿ. ಎಷ್ಟು ದಿನದಿಂದ ಹೇಳ್ಬೇಕು ಅಂತಿದ್ದೆ ಗೊತ್ತಾ?"

ವರ್ಷವಿಡೀ ಕಾದ ಮಾತು. ಎದೆ ಹಾರಿತು. ಹಾರಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ನಾಳೆ ಮನೇಲಿ ನಿಮ್ಮ ಕೈಯಿಂದ ಏನಾದ್ರೂ ಒಡೆದ್ರೆ, ನಿಮ್ಮಮ್ಮನ ಮುಂದೆ ಯಾರ ಹೆಸರು ಹೇಳ್ತೀರಾ?"

ಅಷ್ಟು ಕೇಳಿ ಅವಳು ಸ್ಕ್ಯಾನನ್ನು ದೊಡ್ಡ ಡಾಕ್ಟರ ಬಳಿ ಒಯ್ದಳು.

ದೊಡ್ಡ ಡಾಕ್ಟರು ಸ್ಕ್ಯಾನ್ ನೋಡಿ ನಿಟ್ಟುಸಿರಿಟ್ಟರು. "ಡಾಕ್ಟ್ರದೇ ತಪ್ಪು ಅಂತ ರೋಗಿಗೆ ಹೇಳಕ್ಕಾಗುತ್ತಾ ತಾಯಿ? ಸ್ವಲ್ಪ ಹೊಂದ್ಕೊಂಡು ಹೋಗು."

ಅವಳು ಹೊಂದಿಕೊಳ್ಳಲಿಲ್ಲ. ಆ ಒಂದು ಹಲ್ಲಿಗಷ್ಟೇ ಪುಟ್ಟ ಟ್ರೇ ಹೊಸದಾಗಿ ಮಾಡಿ ನರ್ಸಿನ ಕೈಗಿತ್ತು, ರಾಜೀನಾಮೆ ಬರೆದಿಟ್ಟು ಹೊರಬಿದ್ದಳು. ಮೆಟ್ಟಿಲ ಬಳಿ ಅವನಿದ್ದ. ದಾರಿ ಬಿಟ್ಟ, ತಡೆಯಲಿಲ್ಲ.

ಮನೆಯಲ್ಲಿ ಅಕ್ಕ ಮುಖ ನೋಡಿಯೇ ಕೇಳಿದಳು, "ಕೊನೆಗೂ ಬಾಯಿ ಬಿಟ್ನಾ ನಿನ್ನ ಡಾಕ್ಟ್ರು?"

"ಬಿಟ್ಟ. ಮದುವೆ ಆಗ್ತೀನಿ ಅಂದ."

"ಸುಳ್ಳು ಹೇಳಿದ್ನಾ? ಯಾಕೆ ಅಳ್ತಿದೀಯಾ?"

"ಸುಳ್ಳಾಗಿದ್ರೆ ಒಂದೇ ದಿನಕ್ಕೆ ಅತ್ತು ಮುಗಿಸ್ತಿದ್ದೆ ಅಕ್ಕ," ಎಂದಳು ಅವಳು. "ಪ್ರೀತಿ ಇಟ್ಕೊಂಡೇ ತನ್ನ ತಪ್ಪು ನನ್ನ ತಲೆ ಮೇಲೆ ಹಾಕ್ದ."