ಚಾಸಿಯ ಆಚೆ ಈಚೆ

"ಪಾನಾ ಹಿಡಿ ಅಂದ್ರ ಪಾನಾ ಹಿಡಿ! ನನ್ನ ಮಾರಿ ಏನ್ ನೋಡ್ತಿ?"

ಜೀಪಿನ ಅಡಿಯಿಂದ ಬಂದ ದುರ್ಗಾದೇವಿಯ ದನಿಗೆ, ಹೊರಗಿನಿಂದ ಬಗ್ಗಿ ನೋಡುತ್ತಿದ್ದ ಹೊಳಿಯಪ್ಪ ಬೆಚ್ಚಿಬಿದ್ದ.

ಗಂಗಾವತಿಯ ಆ ಗ್ಯಾರೇಜು ಅಪ್ಪ ಯಂಕೋಬನದಾದರೂ ನಡೆಯುತ್ತಿದ್ದದ್ದು ಅವಳ ಕೈಯಿಂದ. ಅಪ್ಪ ಸಾಮಾನು ತರಲು ಕೊಪ್ಪಳಕ್ಕೆ ಹೋದದ್ದನ್ನು ನೋಡಿಕೊಂಡೇ ಬಂದಿದ್ದ ಹೊಳಿಯಪ್ಪ. ಅವಳ ಸೋದರತ್ತೆಯ ಮಗ, ಶುಕ್ರವಾರ ಅವಳೊಂದಿಗೆ ನಿಶ್ಚಯವಾಗಬೇಕಿದ್ದ ಗಂಡು. ತನ್ನ ಜೀಪಿನ ಹಿಂದಿನ ಗಾಲಿಗಳಿಗೆ ರಾಡಿ ತಡೆಯುವ ಮಡ್‌ಫ್ಲಾಪ್ ಕೂರಿಸಬೇಕಂತೆ! ಕಾಲುವೆ ದಂಡೆಯ ಮೇಲೆ ಎರಡು ವರ್ಷ ಊರವರ ಮೈಗೆಲ್ಲ ರಾಡಿ ಎರಚಿದಾಗ ನೆನಪಾಗದ್ದು ಇವತ್ತು ನೆನಪಾಯಿತೇ?

ಬೇಗ ಮುಗಿಸಿ ಕಳಿಸಿಬಿಡೋಣ ಎಂದುಕೊಂಡಿದ್ದಳು. ಆದರೆ ಮಡ್‌ಫ್ಲಾಪಿನ ಬ್ರ್ಯಾಕೆಟ್ಟು ಕೂರಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಜೀಪಿನ ಅಡಿಯ ಚೌಕಟ್ಟಾದ ಚಾಸಿಯ ಹೊರಗೆ ಒಬ್ಬರು ಪಾನಾದಿಂದ ಬೋಲ್ಟಿನ ತಲೆ ಹಿಡಿಯಬೇಕು, ಒಳಗಿನಿಂದ ಇನ್ನೊಬ್ಬರು ನಟ್ಟು ಬಿಗಿಯಬೇಕು. ಇಲ್ಲದಿದ್ದರೆ ಎರಡೂ ಕೂಡಿಯೇ ತಿರುಗುತ್ತವೆ.

"ಆರು ಸಲ ಫೋನ್ ಹಚ್ಚೀನಿ... ಯಾಕ ಎತ್ತಲಿಲ್ಲ?"

"ನಿನ್ನ ಜೋಡಿ ಮಾತೇನೈತಿ? ಶುಕ್ರವಾರದ್ದು ಬ್ಯಾಡ ಅಂತ ಇವತ್ತ ಸಂಜಿಗೆ ಅಪ್ಪಗ ಹೇಳ್ತೀನಿ."

ಹೊರಗೆ ಪಾನಾ ಜಾರಿತು. "ದುರ್ಗಾ! ಏನಂದಿ?"

"ಗಟ್ಟಿ ಹಿಡಿ!"

ಸೋಮವಾರದ ಲಗ್ನದ ಮಾತುಕತೆಯಲ್ಲಿ ಅತ್ತೆ ಪಕೀರಮ್ಮ ಹತ್ತು ಮಂದಿಯ ಮುಂದೆ, "ಲಗ್ನ ಆದಮ್ಯಾಲ ಗಾಡಿ ಬುಡಕ ಮಲಗೋದು ಬಂದ್" ಎಂದುಬಿಟ್ಟಿದ್ದಳು. ಅತ್ತೆಯ ಮಾತು ಹೋಗಲಿ, ಅವಳು ಹಳೆಯ ಕಾಲದವಳು. ಆದರೆ ಇವನು? ದುರ್ಗಾಳ ಕೈಯಿಂದ ಗೇರ್‌ಬಾಕ್ಸ್ ಬಿಚ್ಚಿಸಿ ಊರೆಲ್ಲ ಹೊಗಳಿಕೊಂಡು ತಿರುಗಿದವನು ಅವತ್ತು ತಲೆ ತಗ್ಗಿಸಿ ಬಸಿಯಲ್ಲಿ ಚಹಾ ಹೀರುತ್ತಿದ್ದ! ಬಾಯಿಗೆ ಬೀಗ ಬಿದ್ದಿತ್ತೇ?

"ನಾ ಏನ್ ಅಂದೀನಿ ಹೇಳು? ಅವ್ವ ಅಂದಿದ್ದು."

"ನೀ ಏನೂ ಅನ್ನಲಿಲ್ಲ. ಅದಕ್ಕ ನನಗ ಸಿಟ್ಟು!"

"ಹಿರೇರ ಮುಂದ ಅವ್ವನ ಮಾತು ಹ್ಯಾಂಗ ತಗದು ಹಾಕ್ಲಿ? ಮನಿಗೆ ಹೋಗಿ ಜಗಳಾ ಮಾಡೀನಿ. ಎರಡು ದಿನ ಆತು, ಅವ್ವ ನನ್ನ ಕೂಡ ಮಾತಾಡವಲ್ಲಳು."

ಜಗಳ ಮಾಡಿದ್ದನೇ? ಅವಳ ಕೈ ಒಂದು ಕ್ಷಣ ನಿಂತಿತು. ಮರುಕ್ಷಣವೇ ಸಿಟ್ಟು ಇನ್ನಷ್ಟು ಏರಿತು.

"ಮನ್ಯಾಗ ಆಡಿದ್ದು ಯಾರಿಗೆ ಕೇಳಿಸ್ತು? ಹತ್ತು ಮಂದಿ ಮುಂದ ನನ್ನ ಕೆಲಸ ಕಸಗೊಂಡ್ರಿ. ಉತ್ತರಾನೂ ಹತ್ತು ಮಂದಿ ಮುಂದನ ಬೇಕು!"

 ಅವಳು ನಟ್ಟು ತಿರುಗಿಸಿದರೆ ಬೋಲ್ಟೂ ಜೊತೆಗೇ ತಿರುಗಿತು. ಆಚೆ ಯಾರೂ ಹಿಡಿದಿರಲಿಲ್ಲ. ಜೀಪಿನಡಿಯಿಂದ ಕಂಡದ್ದು ದೂರ ಹೋಗುತ್ತಿದ್ದ ಅವನ ಎರಡು ಚಪ್ಪಲಿಗಳು ಮಾತ್ರ.

'ಹೋಗಲಿ! ಹೋದರೆ ಹೋಗಲಿ...' ಎಂದುಕೊಂಡಳು. ಆದರೂ ಕಣ್ಣು ತುಂಬಿ ಬಂತು.

ಆ ಚಪ್ಪಲಿಗಳು ರಸ್ತೆ ದಾಟಿ ಎದುರಿನ ಚಹಾದಂಗಡಿಯ ಮುಂದೆ ನಿಂತವು. ಸೋಮವಾರದ ಮಾತುಕತೆ ನಡೆಸಿಕೊಟ್ಟಿದ್ದ ಶರಣಬಸಪ್ಪ ದಿನವೂ ಕೂರುವುದು ಅಲ್ಲಿಯೇ.

"ಕಾಕಾ, ಎಲ್ಲಾರೂ ಕೇಳ್ರಿ! ಅವತ್ತು ಹೇಳಬೇಕಾಗಿದ್ದು ಇವತ್ತು ಹೇಳ್ತೀನಿ. ಲಗ್ನ ಆದಮ್ಯಾಲೂ ದುರ್ಗಾದೇವಿ ಗ್ಯಾರೇಜ್ ಬಿಡಂಗಿಲ್ಲ. ಅದು ಸೇರದವರು ನನ್ನ ಲಗ್ನಕ್ಕ ಬರೋದು ಬ್ಯಾಡ್ರಿ!"

 ಶರಣಬಸಪ್ಪನ ದನಿ ಕೇಳಿಸಿತು. "ಇದನ್ನ ಅವತ್ತ ಹೇಳಾಕ ನಿನಗೇನಾಗಿತ್ತೋ?"

"ಅಂಜಿದ್ನಿರಿ ಕಾಕಾ... ತಪ್ಪಾತು."

ಹಿಂದಿರುಗಿದ ಹೊಳಿಯಪ್ಪ ಹೊರಗೆ ನಿಲ್ಲಲಿಲ್ಲ. ಬಿಳಿ ಅಂಗಿಯಲ್ಲೇ ನೆಲಕ್ಕೆ ಮೈಚಾಚಿ, ತೆವಳಿ ಅವಳ ಪಕ್ಕಕ್ಕೆ ಬಂದ. ಅವಳ ಒದ್ದೆ ಕಣ್ಣು ಕಂಡು ಇನ್ನಷ್ಟು ಹತ್ತಿರ ಸರಿದ.

"ನೀ ಇಲ್ಲದ ನನಗ ಆಗಂಗಿಲ್ಲ ದುರ್ಗಾ... ಸಿಟ್ಟು ಹೋತೇನು?"

"ಅರ್ಧ ಐತಿ."

"ಶುಕ್ರವಾರ ಬರ್ಲೋ ಬ್ಯಾಡೋ?"

ಎಣ್ಣೆ ಹತ್ತಿದ ಕೈಯಿಂದಲೇ ಅವಳು ಅವನ ಕೈ ಹಿಡಿದಳು. ಬಿಗಿಯಾಗಿ ಹಿಡಿದಳು.

"ಬಾ... ಬಾಯಿ ಮನ್ಯಾಗ ಬಿಟ್ಟು ಬರಬ್ಯಾಡ!"