ನೀಲಿ ಬಿಡದ ಬಣ್ಣದಾವರೆ

ತೊರೆಯ ಮೇಲೆ ಬಿಸಿಲು ಬೀಳುತ್ತಿದ್ದಂತೆ ಬಣ್ಣದಾವರೆಗಳು ಒಂದೊಂದಾಗಿ ಅರಳತೊಡಗಿದವು. ಪುಟ್ಟಮಾದಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದಡದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಉಸಿರು ಬಿಗಿಹಿಡಿದು ನೋಡಿದಳು. ನೀಲಿ. ಇವತ್ತೂ ನೀಲಿಯೇ.

"ಹಾಳಾದ್ದು, ಇದ್ಕೇನ್ ಬಂದದೆ ರೋಗ!" ಎಂದು ಹೂವನ್ನೇ ಗದರಿಸಿದಳು.

ಆ ಹೂವನ್ನು ಸೃಷ್ಟಿಸಿದವರು ಸಸ್ಯವಿಜ್ಞಾನಿ ಡಾ. ಶ್ರೀಕಂಠಸ್ವಾಮಿ. ನಗರದ ಕೊಳಚೆನೀರನ್ನು ಶುದ್ಧೀಕರಿಸುವ ಹೊಂಡಗಳು ತೊರೆಯ ಮೇಲ್ಭಾಗದಲ್ಲಿದ್ದವು. ಹೊಲಸನ್ನೂ ದುರ್ವಾಸನೆಯನ್ನೂ ಅವು ತಕ್ಕಮಟ್ಟಿಗೆ ಕಳೆಯುತ್ತಿದ್ದವು. ಆದರೆ ಯಾರ್ಯಾರೋ ಕದ್ದುಮುಚ್ಚಿ ಚರಂಡಿಗೆ ಬಿಟ್ಟ ಸೀಸ, ಕ್ಯಾಡ್ಮಿಯಂ, ತಾಮ್ರದಂಥ ಭಾರಲೋಹಗಳು ಕಣ್ಣಿಗೆ ಕಾಣದೆ ತೊರೆಗಿಳಿದು, ಕೆಸರಿನಲ್ಲಿ ಕುಳಿತು, ತೋಟದ ಸೊಪ್ಪಿಗೆ ಏರುತ್ತಿದ್ದವು. ಸ್ವಾಮಿಯವರು ತಾವರೆಯ ವಂಶವಾಹಿಗಳನ್ನು ತಿದ್ದಿ, ಅದರ ಬೇರು ಲೋಹವನ್ನು ಹೀರುವಂತೆ, ಅದರ ಎಸಳು ಆ ಸುದ್ದಿಯನ್ನು ಬಣ್ಣದಲ್ಲಿ ಹೇಳುವಂತೆ ಮಾಡಿದ್ದರು. ಕ್ಯಾಡ್ಮಿಯಂ ಇದ್ದರೆ ಹಳದಿ, ಸೀಸವಿದ್ದರೆ ಕಂದು, ತಾಮ್ರವಿದ್ದರೆ ನೀಲಿ. ನೀರು ಶುದ್ಧವಾದರೆ ಅಚ್ಚ ಬಿಳುಪು. ಚಿಟಿಕೆಯಷ್ಟು ಲೋಹ ಬೆರೆತರೂ ಹೂವಿಗೆ ಗೊತ್ತಾಗಿಬಿಡುತ್ತಿತ್ತು. ಲೋಹ ಹೀರಿ ಬಲಿತ ಎಲೆಗಳನ್ನು ಕೊಯ್ದು ಕುಲುಮೆಗೆ ಕಳಿಸಿ ಲೋಹವನ್ನು ಮರಳಿ ಪಡೆಯುವ ಕೆಲಸಕ್ಕೆ ಅವರಿಟ್ಟ ಹೆಸರು ಲೋಹಕೊಯ್ಲು.

ಪುಟ್ಟಮಾದಮ್ಮನಿಗೆ ಇದೆಲ್ಲ ಅರ್ಥವಾಗಿತ್ತು. ಅವಳಿಗೆ ಬೇಕಾಗಿದ್ದುದು ಬಿಳಿ ಹೂ. ತೊರೆದಂಡೆಯ ಅವಳ ತೋಟದ ಕೀರೆಸೊಪ್ಪಿಗೂ ದಂಟಿಗೂ ಒಂದು ಕಾಲದಲ್ಲಿ ಮಾರುಕಟ್ಟೆಯಲ್ಲಿ ಜನ ಮುಗಿಬೀಳುತ್ತಿದ್ದರು. ಲೋಹದ ಸುದ್ದಿ ಹಬ್ಬಿದ ಮೇಲೆ ಮಾರಾಟಕ್ಕೆ ತಡೆ ಬಿತ್ತು. ಗೌರಿ ಹಬ್ಬದೊಳಗೆ ಹೂಗಳೆಲ್ಲ ಬೆಳ್ಳಗಾದರೆ ಸರಿ, ಇಲ್ಲವಾದರೆ ತೋಟವನ್ನೇ ಮುಚ್ಚಿಸುತ್ತೇವೆ ಎಂದು ಮಾಲಿನ್ಯ ನಿಯಂತ್ರಣ ಮಂಡಳಿಯವರು ಹೇಳಿಹೋಗಿದ್ದರು.

ಹಳದಿ ಹೋಯಿತು, ಕಂದು ಹೋಯಿತು. ನೀಲಿ ಮಾತ್ರ ಜಪ್ಪಯ್ಯ ಎಂದರೂ ಹೋಗಲಿಲ್ಲ. ಗುರುವಾರದ ಹೊತ್ತಿಗೆ ತಿಳಿಯಾದ ಹೂ ಶನಿವಾರಕ್ಕೆ ಮತ್ತೆ ನೀಲಿ.

"ಮೇಲಿನ ಹೊಂಡಗಳಲ್ಲಿ ಈಗ ತಾಮ್ರವೇ ಇಲ್ಲ. ಇದು ಎಲ್ಲಿಂದ ಬರುತ್ತಿದೆ?" ಸ್ವಾಮಿಯವರು ಎಂದಿನಂತೆ ತೊರೆಯ ಮೆಟ್ಟಿಲ ಬಳಿ ನೀರಿಗೆ ಕೈಯಿಳಿಸಿ ಹೂವನ್ನು ತಿರುಗಿಸಿ ನೋಡುತ್ತ ಕೇಳಿದರು.

"ನೀವ್ ತಲೆ ಕೆಡಿಸ್ಕಬ್ಯಾಡಿ ಸಾ. ಗಂಗಮ್ಮನ್ಗೆ ಹೇಳ್ಕಂಡಿವ್ನಿ, ಅವ್ಳು ನೋಡ್ಕತಳೆ," ಎಂದಳು ಪುಟ್ಟಮಾದಮ್ಮ.

ಮರುದಿನ ಶುಕ್ರವಾರ. ಸ್ವಾಮಿಯವರು ಬೇಗನೇ ಬಂದರು. ನೋಡಿದರೆ ಬೀದಿಯ ಹೆಂಗಸರೆಲ್ಲ ಮೊಣಕಾಲುದ್ದ ನೀರಿನಲ್ಲಿ ನಿಂತು, ಹುಣಸೆಹಣ್ಣು ಹಚ್ಚಿ ತಾಮ್ರದ ಬಿಂದಿಗೆಗಳನ್ನು ತಿಕ್ಕುತ್ತಿದ್ದರು. ಎಲ್ಲರಿಗಿಂತ ಜೋರಾಗಿ ತಿಕ್ಕುತ್ತಿದ್ದವಳು ಪುಟ್ಟಮಾದಮ್ಮ.

"ಏನಮ್ಮಾ ಇದು?"

"ಗಂಗೆಪೂಜೆ ಸಾ! ನೀರು ಸುದ್ದಾಗ್ಲಿ ಅಂತ ಶುಕ್ರವಾರ ಶುಕ್ರವಾರ ಮಾಡ್ತಿವ್ನಿ. ಹೂ ಬೆಳ್ಳಗಾಗ್ನಿಲ್ವಲ್ಲಾ ಅಂತ ಈ ವಾರ ಎಲ್ಲಾರ್ನೂ ಕರ್ಕಂಡ್ ಬಂದೆ."

ಸ್ವಾಮಿಯವರು ಮೆಟ್ಟಿಲ ಮೇಲೆ ಕುಸಿದು ಕುಳಿತರು. "ಹುಣಸೆಯ ಹುಳಿಗೆ ಬಿಂದಿಗೆಯ ಕಿಲುಬು ಕರಗುತ್ತದೆ. ಆ ಕಿಲುಬೆಲ್ಲ ತಾಮ್ರವೇ ಅಮ್ಮಾ. ನಿಮ್ಮ ಬಿಂದಿಗೆ ಹೊಳೆದಷ್ಟೂ ನನ್ನ ಹೂ ನೀಲಿಯಾಗುತ್ತದೆ."

ಪುಟ್ಟಮಾದಮ್ಮನ ಕೈ ನಿಂತಿತು. ಮುಖ ಸಪ್ಪಗಾಯಿತು. "ಅಂದ್ರೆ ಇಷ್ಟ್ ದಿನ ನನ್ ತೋಟಕ್ಕೆ ನಾನೇ ಕಲ್ಲಾಕ್ಕಂಡ್ನಾ?" ಎನ್ನುವಾಗ ಅವಳಿಗೆ ಅಳುವೇ ಬಂದಿತ್ತು. ಆದರೆ ಕೈಯಲ್ಲಿ ಫಳಫಳ ಹೊಳೆಯುತ್ತಿದ್ದ ಬಿಂದಿಗೆ ಕಂಡು ಅಳು ನಗುವಾಯಿತು. "ಪಾಪ, ಗಂಗಮ್ಮ ಇನ್ನೆಷ್ಟ್ ಕಿತ ನೀಲಿ ತೋರ್ಸಿ ಸಾಕು ನಿಲ್ಸೇ ಅಂದ್ಲೋ!" ಎಂದು ಅವಳು ನಕ್ಕಾಗ ತೊರೆಯಲ್ಲಿದ್ದವರೆಲ್ಲ ನಕ್ಕರು.

ಅಂದಿನಿಂದ ಬಿಂದಿಗೆಗಳನ್ನು ಮನೆಯಲ್ಲೇ ಬೆಳಗುವುದೆಂದಾಯಿತು. ಬೆಳಗಿದ ಹುಣಸೆಯ ನೀರನ್ನು ಸುರಿಯಲು ಸ್ವಾಮಿಯವರು ದಡದಲ್ಲೊಂದು ಪೀಪಾಯಿ ಇಡಿಸಿದರು, ಲೋಹಕೊಯ್ಲಿಗೆಂದು. ಪೂಜೆಗೇನೂ ಅಡ್ಡಿಯಾಗಲಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಮಂಡಳಿಯವರು ಬಂದರು. ತೊರೆಯುದ್ದಕ್ಕೂ ಬೆಳ್ಳನೆಯ ಹೂ. ಪುಟ್ಟಮಾದಮ್ಮನ ಎದೆ ಹಿಗ್ಗಿತು. ಅಷ್ಟರಲ್ಲಿ ಯಾರೋ ಮೆಟ್ಟಿಲ ಕಡೆ ಬೆರಳು ತೋರಿಸಿದರು. ಅಲ್ಲೊಂದು ಹೂ ತಿಳಿನೀಲಿ! ಎಲ್ಲರೂ ಅವಳತ್ತ ತಿರುಗಿದರು.

"ಗಂಗಮ್ಮನಾಣೆ ನಾನಲ್ಲ!"

"ಯಾರೋ ಗುಟ್ಟಾಗಿ ಇನ್ನೂ ತಿಕ್ಕುತ್ತಿದ್ದಾರೆ," ಎನ್ನುತ್ತ ಸ್ವಾಮಿಯವರು ಬಗ್ಗಿ ಎಂದಿನಂತೆ ಹೂವಿನ ಬುಡಕ್ಕೆ ಕೈ ಹಾಕಿದರು. ಎಲ್ಲರೂ ನೋಡುತ್ತಿದ್ದಂತೆಯೇ ನೀಲಿ ಗಾಢವಾಯಿತು.

ಸ್ವಾಮಿಯವರು ತಟ್ಟನೆ ಕೈ ತೆಗೆದು ತಮ್ಮ ಬೆರಳನ್ನೇ ನೋಡಿಕೊಂಡರು. ಅಲ್ಲಿತ್ತು, ಹಸಿರು ಕಿಲುಬು ಹಿಡಿದ ತಾಮ್ರದ ಉಂಗುರ. ಅವರ ಕಿವಿಗಳು ಕೆಂಪಾದವು.

"ಮೈಯ ಉಷ್ಣ ಇಳಿಯಲಿ ಅಂತ ನಮ್ಮಮ್ಮ ಹಾಕಿಸಿದ್ದು," ಎಂದರು ಮೆಲ್ಲಗೆ.

ಪುಟ್ಟಮಾದಮ್ಮನಿಗೆ ನಗು ತಡೆಯಲಾಗಲಿಲ್ಲ. ಮಂಡಳಿಯವರೂ ಬಿದ್ದುಬಿದ್ದು ನಕ್ಕರು. ಉಂಗುರ ಪೀಪಾಯಿಗೆ ಬಿತ್ತು. ಎಲ್ಲರೂ ಅವಳ ಮನೆಯಲ್ಲಿ ಕಾಫಿ ಕುಡಿದು, ಹರಟೆ ಹೊಡೆದು ಮರಳುವ ಹೊತ್ತಿಗೆ ಆ ಕೊನೆಯ ಹೂವೂ ಬೆಳ್ಳಗಾಗಿತ್ತು. ತಡೆ ತೆಗೆದೆವೆಂದು ಮಂಡಳಿಯವರು ಅಲ್ಲೇ ಸಾರಿದರು.

ಪುಟ್ಟಮಾದಮ್ಮ ತೋಟಕ್ಕೆ ಓಡಿದಳು. ಮೊದಲ ಕಟ್ಟು ಕೀರೆಸೊಪ್ಪನ್ನು ಕಿತ್ತು ತಂದು, ಹೊರಟು ನಿಂತಿದ್ದ ಸ್ವಾಮಿಯವರ ಕೈಗಿಟ್ಟಳು.

"ಇದ ನಿಮ್ಮವ್ವನ್ಗೆ ಕೊಡಿ ಸಾ. ಉಷ್ಣಕ್ಕೆ ಉಂಗ್ರಕ್ಕಿಂತ ಸೊಪ್ಪೇ ವಾಸಿ ಅಂತ ನಾನೇಳ್ದೆ ಅನ್ನಿ."