ಖಾಲಿ ಫೋನಿನ ಮೊದಲ ಹೆಸರು

ಸೆಟ್ಟಿಂಗ್ಸ್ ತೆರೆಯಲು ಫೋನು ಪಾಸ್‌ವರ್ಡ್ ಕೇಳಿತು. ರಿಪೇರಿ ಅಂಗಡಿಯವನು ಅವಳನ್ನು ಕೇಳಲೇ ಇಲ್ಲ. ಅವನ ಬೆರಳುಗಳು ತಾವಾಗಿಯೇ ಅದನ್ನು ಒತ್ತಿಬಿಟ್ಟವು.

ಆ ಪಾಸ್‌ವರ್ಡ್ ಅವಳಿಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಣ್ಣನೊಬ್ಬನಿಗೆ...

"ಇದು ನಿಮಗೆ ಹೇಗೆ ಗೊತ್ತು?"

ಅವನು ತಲೆ ತಗ್ಗಿಸಿದ. "ಹಾಕಿಕೊಟ್ಟಿದ್ದೇ ನಾನು."

ಅವಳು ಬಟ್ಟೆ ಹೊಲಿಯುವವಳು. ಅಣ್ಣ ಲಾರಿ ಓಡಿಸುತ್ತಾನೆ. ತಂಗಿಗೆಂದು ಅವನು ತಂದುಕೊಟ್ಟ ಫೋನಿನೊಳಗೆ ಒಂದು ಕಾವಲು ಆ್ಯಪ್ ಕೂತಿತ್ತು. ಅಣ್ಣ ಒಪ್ಪಿದ ನಂಬರುಗಳಿಂದ ಮಾತ್ರ ಕರೆ ಬರುತ್ತಿತ್ತು. ಲೇಸು ತರಲು ಪೇಟೆಗೆ ಹೋದರೆ, ಹೆದ್ದಾರಿಯಿಂದಲೇ ಅಣ್ಣ ಕೇಳುತ್ತಿದ್ದ, ಅಲ್ಲೇನು ಕೆಲಸ ಎಂದು. ಮೊನ್ನೆಯಷ್ಟೇ ಒಂದು ಮದುವೆ ಮನೆಯ ಹೊಲಿಗೆ ಕೈತಪ್ಪಿತ್ತು. ಅವರ ಕರೆ ಅವಳಿಗೆ ಮುಟ್ಟಿರಲೇ ಇಲ್ಲ. ಅದಕ್ಕೇ ಇವತ್ತು ಫೋನು ಹಿಡಿದು ಇಲ್ಲಿಗೆ ಬಂದಿದ್ದಳು.

ಈ ರಿಪೇರಿಯವನು ಆಗಾಗ ಗುಂಡಿ ಹಾಕಿಸಿಕೊಳ್ಳಲು ಅಂಗಿ ಹಿಡಿದು ಬರುತ್ತಿದ್ದ. ಅವನ ಗುಂಡಿಗಳಿಗೆ ಕಾಲಿವೆಯೇನೋ ಎಂದು ಅತ್ತಿಗೆ ನಗುತ್ತಿದ್ದಳು. ಅವಳೂ ಒಳಗೊಳಗೇ ನಗುತ್ತಿದ್ದಳು.

ಈಗ ನಗು ಬರಲಿಲ್ಲ.

"ಗುಂಡಿ ನೆಪ ಮಾಡ್ಕೊಂಡು ಬಂದಿದ್ದೂ ಅಣ್ಣ ಹೇಳಿದ್ದಕ್ಕಾ? ಅದೂ ಕಾವಲೇನಾ?"

ಅವನು ತಡವರಿಸಿದ. ಶಾಲೆಗೆ ಹೋಗುವ ಪುಟ್ಟ ತಂಗಿಗೆ ಎಂದು ಅವಳ ಅಣ್ಣ ಹೇಳಿದ್ದರಂತೆ. ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಿದರೂ ಹೋಗದ ಹಾಗೆ ಆ್ಯಪನ್ನು ಆಳಕ್ಕೆ ಕೂರಿಸಿಕೊಟ್ಟಿದ್ದನಂತೆ. ಆ ತಂಗಿ ಇವಳೆಂದು ಗೊತ್ತಾದ ಮೇಲೆ ಹೇಳಲು ಬಾಯಿ ಬರಲಿಲ್ಲವಂತೆ...

ಅವಳು ಫೋನು ಎತ್ತಿಕೊಂಡು ಹೊರಟುಬಿಟ್ಟಳು.

ಆ ಸಂಜೆ ಮಿಷಿನ್ನಿನ ದಾರ ಮತ್ತೆ ಮತ್ತೆ ತುಂಡಾಯಿತು.

"ಸಿಟ್ಟು ಅವನ ಮೇಲೆ, ಶಿಕ್ಷೆ ದಾರಕ್ಕೇನೆ?" ಅತ್ತಿಗೆ ಕಾಲೆಳೆದಳು. ಆಮೇಲೆ ಮೆಲ್ಲಗೆ ಅಂದಳು, "ಗಂಟು ಹಾಕಿದವನಿಗೇ ಕಣೆ ಅದರ ತುದಿ ಗೊತ್ತಿರೋದು."

ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಅವಳು ಅಲ್ಲಿದ್ದಳು.

"ತೆಗೀಬೇಕು. ಆದ್ರೆ ನೀವು ಮುಟ್ಟಬಾರದು. ನೀವು ಹೇಳಿ, ನಾನು ಮಾಡ್ತೀನಿ."

ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಇದಕ್ಕೆ ರೂಟ್ ಮಾಡುವುದು ಅಂತಾರೆ, ಫೋನಿನ ಪೂರ್ತಿ ಯಜಮಾನಿಕೆ ನಿಮ್ಮ ಕೈಗೆ ಬರುತ್ತೆ ಅಂದ. ಮೊದಲು ಎಲ್ಲ ಅಳಿಸಿಹೋಗುತ್ತೆ, ಹೆಜ್ಜೆ ತಪ್ಪಿದರೆ ಫೋನು ಬರೀ ಇಟ್ಟಿಗೆ ಎಂದೂ ಎಚ್ಚರಿಸಿದ.

ಅವಳು ತನ್ನ ವಿನ್ಯಾಸಗಳ ಫೋಟೋಗಳನ್ನೆಲ್ಲ ಅಂಗಡಿಯ ಕಂಪ್ಯೂಟರಿಗೆ ಇಳಿಸಿದಳು. ಅವನು ಹೇಳುತ್ತ ಹೋದ, ಅವಳು ಮಾಡುತ್ತ ಹೋದಳು. ದಿನವೂ ಸೂಜಿಗೆ ದಾರ ಪೋಣಿಸುವ ಕೈ ಒಂದು ಹೆಜ್ಜೆಯನ್ನೂ ತಪ್ಪಿಸಲಿಲ್ಲ.

ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು...

'ಇಟ್ಟಿಗೆಯಾಯಿತೇ? ಇದೂ ಹೋಯಿತೇ?'

"ಕಾಯಿರಿ," ಅಂದ ಅವನು.

ಬೆಳಕು ಮೂಡಿತು. ಕಾವಲು ಆ್ಯಪ್ ಇನ್ನೂ ಅಲ್ಲೇ ಕೂತಿತ್ತು. ಆದರೆ ಈ ಬಾರಿ ಫೋನು ಅಣ್ಣನನ್ನಲ್ಲ, ಅವಳನ್ನು ಕೇಳಿತು, ಅಳಿಸಲೇ ಎಂದು. ಅವಳು ಒತ್ತಿದಳು. ಬೇರುಸಹಿತ ಹೋಯಿತು!

ಕದ್ದು ಗೆಲ್ಲುವುದು ಅವಳಿಗೆ ಬೇಕಿರಲಿಲ್ಲ. ಬಾಯಿಪಾಠವಿದ್ದ ನಂಬರು ಒತ್ತಿ, ಅಲ್ಲಿಂದಲೇ ಅಣ್ಣನಿಗೆ ಕರೆ ಮಾಡಿ ಎಲ್ಲ ಹೇಳಿದಳು. ಆ ಕಡೆ ಲಾರಿ ನಿಂತ ಸದ್ದು.

"ನಾನಿಲ್ಲದಾಗ ನಿಂಗೇನಾದ್ರೂ ಆದ್ರೆ ಅಂತ ಕಣೆ..."

"ಏನಾದ್ರೂ ಆದ್ರೆ ನಾನೇ ಕರೀತೀನಣ್ಣ. ನೀನು ಹುಡುಕೋದು ಬೇಡ."

ಆಮೇಲೆ ಅಣ್ಣ ಕೇಳಿದ್ದು ಒಂದೇ, "ತಿಂಡಿ ತಿಂದ್ಯಾ?"

ಅವಳ ಕಣ್ಣು ತುಂಬಿತು. ಗೆದ್ದಿದ್ದಳು, ಅಣ್ಣನನ್ನು ಕಳೆದುಕೊಳ್ಳದೆಯೇ.

ಫೋನಿನಲ್ಲಿ ಈಗ ಒಂದು ಹೆಸರೂ ಇರಲಿಲ್ಲ. ಅವಳು ರಿಪೇರಿಯವನ ನಂಬರು ಕೇಳಿ ಬರೆದುಕೊಂಡಳು. ಹೆಸರು ಹಾಕುವಾಗ ಮಾತ್ರ ಪರದೆಗೆ ಕೈ ಅಡ್ಡ ಹಿಡಿದಳು.

"ಏನಂತ ಹಾಕಿದ್ರಿ?"

"ಮೊದಲು ನೀವು ಹೇಳಿ. ಗುಂಡಿ ಯಾಕೆ ಬೀಳ್ತಿತ್ತು?"

ಅವನ ಮುಖ ಕೆಂಪಾಯಿತು. "ನಾನೇ ಕಿತ್ಕೋತಿದ್ದೆ. ನಿಮ್ಮನ್ನ ನೋಡೋಕೆ ಬೇರೆ ದಾರಿ ತಿಳೀಲಿಲ್ಲ."

ಅವಳು ಫೋನನ್ನು ಎದೆಗೊತ್ತಿಕೊಂಡು ನಕ್ಕಳು.

"ನಾಳೆ ಅಣ್ಣ ಬರ್ತಾನೆ. ಗುಂಡಿ ಇರೋ ಅಂಗಿ ಹಾಕ್ಕೊಂಡು ಮನೆಗೆ ಬನ್ನಿ. ಏನಂತ ಹಾಕಿದೀನಿ ಅಂತ ಅವನ ಮುಂದೆನೇ ಹೇಳ್ತೀನಿ."